ವಾಲ್ವಿನ ನಾಡಿ

ಅಣುಸ್ಥಾವರದ ತುರ್ತು ವಾಲ್ವಿಗೆ ವರ್ಷವಿಡೀ ಕೆಲಸವಿಲ್ಲದಿರಬಹುದು. ಕೆಲಸ ಬಂದ ದಿನ ಅದಕ್ಕೆ ಸಿಗುವುದು ಕೆಲವೇ ಸೆಕೆಂಡು.

*

1979ರ ಮಾರ್ಚ್ 28, ಅಮೆರಿಕದ ತ್ರೀ ಮೈಲ್ ಐಲ್ಯಾಂಡ್ ಅಣುಸ್ಥಾವರ. ಒತ್ತಡ ಇಳಿಸಲು ತೆರೆದ ವಾಲ್ವು ಮತ್ತೆ ಮುಚ್ಚಲಿಲ್ಲ. ನಿಯಂತ್ರಣ ಕೊಠಡಿಯ ದೀಪ ಮಾತ್ರ ಆರಿತು. ‘ಮುಚ್ಚು’ ಎಂಬ ಅಪ್ಪಣೆ ಹೋಗಿದೆ ಎಂಬುದಷ್ಟೇ ಆ ದೀಪಕ್ಕೆ ಗೊತ್ತು. ವಾಲ್ವು ಮುಚ್ಚಿತೋ ಇಲ್ಲವೋ ನೋಡಲು ಅದಕ್ಕೆ ಕಣ್ಣಿರಲಿಲ್ಲ. ಎರಡು ಗಂಟೆಗೂ ಮಿಕ್ಕಿ ನೀರು ಸೋರಿಹೋಯಿತು. ರಿಯಾಕ್ಟರಿನ ಒಡಲು ಹೆಚ್ಚುಕಡಿಮೆ ಅರ್ಧ ಕರಗಿತು.

*

ಅಪ್ಪಣೆಗೂ ಪಾಲನೆಗೂ ನಡುವೆ, ವಾಲ್ವನ್ನು ತೆರೆದು ಮುಚ್ಚುವ ಒಂದು ಉಕ್ಕಿನ ದಂಡವಿದೆ. ಪರೀಕ್ಷಿಸಬೇಕಾದದ್ದು ಅದನ್ನು.

*

ತ್ರೀ ಮೈಲ್ ಐಲ್ಯಾಂಡಿನ ಅವಘಡಕ್ಕೂ ಒಂದೂವರೆ ವರ್ಷ ಮೊದಲೇ, ಒಹಾಯೊದ ಡೇವಿಸ್-ಬೆಸ್ಸೆ ಸ್ಥಾವರದಲ್ಲಿ ಇಂಥದೇ ವಾಲ್ವು ತೆರೆದೇ ಸಿಕ್ಕಿಕೊಂಡಿತ್ತು. ಅಲ್ಲಿನವರು ಬೇಗ ಗುರುತಿಸಿದರು, ಅನಾಹುತ ತಪ್ಪಿತು. ತಪ್ಪಿದ ಅನಾಹುತದ ಸುದ್ದಿ ಪಕ್ಕದ ರಾಜ್ಯದ ಆ ಸ್ಥಾವರಕ್ಕೆ ಮುಟ್ಟಬೇಕಾದ ರೀತಿಯಲ್ಲಿ ಮುಟ್ಟಲಿಲ್ಲ.

*

ಮೋಟಾರಿನಿಂದ ಓಡುವ ವಾಲ್ವಿನಲ್ಲಿ ಮೋಟಾರು ಎಳೆಯುವ ಕರೆಂಟು, ದಂಡದ ಮೇಲೆ ಬೀಳುವ ಬಲ, ಸ್ವಿಚ್ಚು ಕರೆಂಟು ಕಡಿಯುವ ಗಳಿಗೆ: ಇವನ್ನು ಗೆರೆಯಾಗಿ ಬಿಡಿಸಿದರೆ ಅದೇ ವಾಲ್ವಿನ ಇಸಿಜಿ. ಗಟ್ಟಿಯಾದ ಗ್ರೀಸು, ದಂಡದ ಸುತ್ತ ಅತಿಯಾಗಿ ಬಿಗಿದ ಪ್ಯಾಕಿಂಗು, ಬಾಗಿದ ದಂಡ, ಎಲ್ಲವೂ ಆ ಗೆರೆಯಲ್ಲಿ ತಮ್ಮ ಗುರುತು ಬಿಡುತ್ತವೆ. ಆದರೆ ಒಂಟಿ ಗೆರೆ ಹೇಳುವುದು ಕಡಿಮೆ. ಹೋದ ಸಲದ ಗೆರೆಯ ಪಕ್ಕದಲ್ಲಿಟ್ಟರೆ ಅದು ಬಾಯಿಬಿಡುತ್ತದೆ. ಹಳೆಯ ದಾಖಲೆ ಕಳೆದವನು ಅರ್ಧ ಪರೀಕ್ಷೆಯನ್ನೇ ಕಳೆದಂತೆ.

*

ಖಾಲಿ ಪೈಪಿನಲ್ಲಿ ಸಲೀಸಾಗಿ ಮುಚ್ಚಿದ ವಾಲ್ವು, ಒತ್ತಡದ ನೀರು ನುಗ್ಗುವಾಗಲೂ ಮುಚ್ಚೀತೆಂದು ನಂಬಿ ಕೂರುವಂತಿಲ್ಲ. 1989ರಲ್ಲಿ ಅಮೆರಿಕದ ಅಣು ನಿಯಂತ್ರಣ ಆಯೋಗ ದೇಶದ ಸ್ಥಾವರಗಳಿಂದ ಈ ಖಾತ್ರಿಯನ್ನೇ ಕೇಳಿತು.

*

ನೀರು ಹಿಂದಕ್ಕೆ ಹರಿಯದಂತೆ ತಡೆಯುವ ಚೆಕ್ ವಾಲ್ವಿಗೆ ಮೋಟಾರಿಲ್ಲ. ಅದರ ಬಿಲ್ಲೆಯ ಬಡಿತವನ್ನು ಪೈಪಿಗೆ ಕಿವಿಗೊಟ್ಟೇ ಕೇಳಬೇಕು, ಡಾಕ್ಟರು ಎದೆಗೆ ಸ್ಟೆತಸ್ಕೋಪ್ ಇಟ್ಟಂತೆ. 1985ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಒನೋಫ್ರೆ ಸ್ಥಾವರದಲ್ಲಿ ಐದು ಚೆಕ್ ವಾಲ್ವುಗಳು ಕೆಟ್ಟು ಕೂತಿದ್ದವು. ಗೊತ್ತಾದದ್ದು, ನೀರಿನ ಹೊಡೆತಕ್ಕೆ ಪೈಪು ಹಾನಿಗೊಂಡ ಮೇಲೆ.

*

ನಮ್ಮ ಕೈಗಾ ಅಣುಸ್ಥಾವರದ ಮೊದಲ ಘಟಕ ಒಂದೇ ಸಮನೆ 962 ದಿನ ಓಡಿ, 2018ರ ಡಿಸೆಂಬರ್ 31ರಂದು ನಿಂತಿತು. ಆ ಓಟ ಅಂದಿಗೆ ಜಗತ್ತಿನ ದಾಖಲೆ, ನನಗೂ ಹೆಮ್ಮೆ. ಆದರೆ ಸ್ಥಾವರ ನಿಂತಾಗ ಮಾತ್ರ ಬಿಚ್ಚಿ ನೋಡಬಹುದಾದ ವಾಲ್ವುಗಳೂ ಇರುತ್ತವೆ. ಓಟಕ್ಕೆ ಚಪ್ಪಾಳೆ ತಟ್ಟುವ ನಾವು ನಿಲುಗಡೆಯ ಆ ವಾರಗಳಿಗೂ ಅಷ್ಟೇ ಗೌರವ ಕೊಡಬೇಕು.

*

ತ್ರೀ ಮೈಲ್ ಐಲ್ಯಾಂಡಿನ ಇನ್ನೊಂದು ಸಂಗತಿ. ತುರ್ತು ನೀರಿನ ಎರಡು ವಾಲ್ವುಗಳೂ ಆ ಬೆಳಗ್ಗೆ ಮುಚ್ಚಿದ್ದವು. ಎರಡು ದಿನ ಹಿಂದೆ ಅವನ್ನು ಮುಚ್ಚಿದ್ದು ಪರೀಕ್ಷೆಗಾಗಿಯೇ. ಯಾರಾದರೂ ಗಮನಿಸುವಷ್ಟರಲ್ಲಿ ಎಂಟು ನಿಮಿಷ ಕಳೆದಿತ್ತು. ಪರೀಕ್ಷೆಯ ಕಾಗದಕ್ಕೆ ಸಹಿ ಹಾಕುವ ತರುಣ ತರುಣಿಯರೇ, ಉಪಕರಣ ಚೀಲಕ್ಕೆ ಹಾಕುವ ಮುನ್ನ ವಾಲ್ವಿನ ಬಳಿಗೆ ಇನ್ನೊಮ್ಮೆ ನಡೆದು ಹೋಗಿ ನೋಡಿ.