ಹಾಲನ್ನ ಬಿಟ್ಟ ಬೆಕ್ಕು

ಬೆಕ್ಕಿಗೆ ಸಿಹಿ ಗೊತ್ತಾಗುವುದಿಲ್ಲ. ಪಾಯಸ ಇಟ್ಟರೆ ನೆಕ್ಕುತ್ತದೆ, ನಿಜ; ಅದು ನೆಕ್ಕುವುದು ಹಾಲಿಗೆ, ತುಪ್ಪಕ್ಕೆ. ನಾಲಿಗೆ ಸಿಹಿಯನ್ನು ಗುರುತಿಸಬೇಕಾದರೆ ಎರಡು ಜೀನುಗಳು ಕೂಡಿ ಕೆಲಸ ಮಾಡಬೇಕು. ಬೆಕ್ಕಿನಲ್ಲಿ ಅವುಗಳಲ್ಲೊಂದು ಎಂದೋ ಕೆಟ್ಟು ಕೂತಿದೆ. ಅಮೆರಿಕದ ಫಿಲಡೆಲ್ಫಿಯಾದಲ್ಲಿರುವ ಮೊನೆಲ್ ಸಂಶೋಧನ ಕೇಂದ್ರದವರು 2005ರಲ್ಲಿ ಇದನ್ನು ತೋರಿಸಿಕೊಟ್ಟರು. ಹುಲಿಯ ನಾಲಿಗೆಯ ಕಥೆಯೂ ಇದೇ.

ಸಿಹಿಯನ್ನೇ ಅರಿಯದ ಇಂಥ ಪ್ರಾಣಿಗೂ ಸಕ್ಕರೆ ಕಾಯಿಲೆ ಬರುತ್ತದೆ. ಮನುಷ್ಯರಿಗೆ ಬಂದರೆ ‘ಬಾಯಿ ಕಟ್ಟಲಿಲ್ಲ, ಅನುಭವಿಸುತ್ತಿದ್ದಾನೆ’ ಎಂದು ಅವರನ್ನೇ ದೂರುವುದು ನಮ್ಮ ರೂಢಿ. ಬೆಕ್ಕನ್ನು ಹಾಗೆ ದೂರುವಂತಿಲ್ಲ. ಅದರ ತಟ್ಟೆಗೆ ಏನು ಬಿತ್ತೋ, ಹಾಕಿದ ಕೈ ನಮ್ಮದು. ಎಲ್ಲವೂ ತಟ್ಟೆಯಿಂದಲೇ ಬಂತು ಎನ್ನುವುದೂ ತಪ್ಪು. ವಯಸ್ಸು, ಬೊಜ್ಜು, ಮನೆಯೊಳಗೇ ಕೂತ ಬದುಕು, ಬೇರೆ ಕಾಯಿಲೆಗೆ ಕೊಟ್ಟ ಸ್ಟೀರಾಯ್ಡ್, ಇವೆಲ್ಲವೂ ಸೇರುತ್ತವೆ. ಸಂತಾನಹರಣ ಮಾಡಿಸಿದ ಗಂಡುಬೆಕ್ಕುಗಳಲ್ಲಿ ಹೆಚ್ಚು. ನಮ್ಮಲ್ಲಿ ಬಹುಮಂದಿಗೆ ಬರುವ ಎರಡನೇ ಬಗೆಯ ಮಧುಮೇಹಕ್ಕೂ ಇದಕ್ಕೂ ಹತ್ತಿರದ ನಂಟು: ಇನ್ಸುಲಿನ್ ಇದ್ದೂ ಮೈ ಅದರ ಮಾತು ಕೇಳುವುದಿಲ್ಲ, ಬರಬರುತ್ತ ಮೇದೋಜೀರಕ ಗ್ರಂಥಿಯೇ ದಣಿಯುತ್ತದೆ.

ಮೈಸೂರಿನಲ್ಲಿರುವ ನನ್ನ ಚಿಕ್ಕಮ್ಮನಿಗೆ ಈ ಕಾಯಿಲೆ ಹಳೆಯ ಪರಿಚಯ. ಸ್ವತಃ ಇನ್ಸುಲಿನ್ ಚುಚ್ಚಿಕೊಳ್ಳುವವರು. ಅವರ ಬೆಕ್ಕು ರಂಗ ಬಚ್ಚಲಿನ ಬಕೆಟ್ಟಿಗೆ ಮುಖ ಹಾಕಿ ನೀರು ಕುಡಿಯುವುದನ್ನೂ, ಎಷ್ಟು ತಿಂದರೂ ಬೆನ್ನಮೂಳೆ ಕೈಗೆ ಸಿಗುವುದನ್ನೂ ಕಂಡಾಗಲೇ ಅನುಮಾನ ಬಂದಿತ್ತು. ಅದು ಉಚ್ಚೆ ಹೊಯ್ದ ಮೂಲೆಗೆ ಇರುವೆ ಮುತ್ತಿದ್ದನ್ನು ಕಂಡು ‘ಇದಕ್ಕೂ ಶುಗರ್ರೇ’ ಎಂದು ತೀರ್ಮಾನಿಸಿಬಿಟ್ಟರು. ಇರುವೆಯ ಸಾಕ್ಷ್ಯ ಚರಕ ಸಂಹಿತೆಯಷ್ಟು ಹಳೆಯದು. ಪಶುವೈದ್ಯರ ರಕ್ತಪರೀಕ್ಷೆ ಅದನ್ನು ಖಚಿತಪಡಿಸಿತು. ಅದಾಗಲೇ ರಂಗ ಹಿಂಗಾಲಿನ ಹಿಮ್ಮಡಿ ನೆಲಕ್ಕೆ ಊರಿ ನಡೆಯುತ್ತಿದ್ದ. ಸಕ್ಕರೆ ನರಗಳನ್ನು ಹಿಡಿದಾಗ ಬೆಕ್ಕು ಹೀಗೆ ನಡೆಯುತ್ತದೆ. ಹತೋಟಿಗೆ ಬಂದರೆ ಎಷ್ಟೋ ಸಲ ಮೊದಲಿನ ನಡಿಗೆ ಮರಳುತ್ತದೆ.

ಇನ್ಸುಲಿನ್ ಬರೆದುಕೊಟ್ಟಾಗ ಚಿಕ್ಕಮ್ಮ ಅಳುಕಲಿಲ್ಲ. ಅಳುಕಿದ್ದು ವೈದ್ಯರು ಕೊನೆಗೆ ಹೇಳಿದ ಮಾತಿಗೆ: ‘ಹಾಲನ್ನ, ಮೊಸರನ್ನ, ಬಿಸ್ಕತ್ತು ಎಲ್ಲ ನಿಲ್ಲಿಸಿ. ಇದು ಮಾಂಸ ತಿನ್ನಬೇಕಾದ ಪ್ರಾಣಿ.’

ಮೊಟ್ಟೆಯೂ ಹೊಸಿಲು ದಾಟದ ಮನೆ ಅದು. ಅಂಥ ಮನೆಗಳಲ್ಲಿ ಬೆಕ್ಕು ಹಾಲು ಕುಡಿಯುವ, ಅನ್ನ ತಿನ್ನುವ ಸಾಧುಪ್ರಾಣಿ ಎಂದೇ ನಂಬಿಕೆ. ಹಳೆಯ ದೊಡ್ಡ ಮನೆಗಳಲ್ಲಿ ಹಾಲನ್ನ ತಿಂದೂ ಬೆಕ್ಕುಗಳು ಗಟ್ಟಿಮುಟ್ಟಾಗಿದ್ದವಲ್ಲ ಎಂದು ಯಾರಾದರೂ ಕೇಳಬಹುದು. ಇದ್ದವು, ಏಕೆಂದರೆ ಅವುಗಳ ನಿಜವಾದ ಊಟ ಅಟ್ಟದ ಮೇಲಿತ್ತು, ಕಣಜದ ಹಿಂದೆ ಇತ್ತು. ಇಲಿ, ಹಲ್ಲಿ, ಗುಬ್ಬಚ್ಚಿ ಮುಗಿಸಿ ಬಂದ ಬೆಕ್ಕು ನಮ್ಮ ಹಾಲನ್ನವನ್ನು ಬಾಯಿ ತೊಳೆದ ಹಾಗೆ ನೆಕ್ಕುತ್ತಿತ್ತು. ಇಲಿಯ ಮೈಯಲ್ಲಿ ಪಿಷ್ಟ ಇಲ್ಲವೆನ್ನುವಷ್ಟು ಕಡಿಮೆ. ಈಗ ಅಟ್ಟ ಹೋಯಿತು, ಕಣಜ ಹೋಯಿತು, ಬಾಗಿಲು ಮುಚ್ಚಿತು. ಬೇಟೆ ನಿಂತುಹೋದ ಬೆಕ್ಕಿಗೆ ಉಳಿದದ್ದು ಅನ್ನವೊಂದೇ. ಪೇಟೆಯಲ್ಲಿ ಸಿಗುವ ಡ್ರೈ ಫುಡ್ಡಿನ ಕಾಳುಗಳೂ ಪಿಷ್ಟವಿಲ್ಲದೆ ಕಾಳಾಗಿ ನಿಲ್ಲುವುದಿಲ್ಲ. ಬೆಕ್ಕಿಗೆ ಟಾರಿನ್ ಎಂಬ ಅಂಶ ಮಾಂಸದಿಂದಲೇ ಬರಬೇಕು ಅಥವಾ ಆಹಾರಕ್ಕೆ ಬೆರೆಸಿ ಕೊಡಬೇಕು. ಅದರ ಕೊರತೆಯಿಂದ ಬೆಕ್ಕಿನ ಹೃದಯ ಸೋಲುತ್ತದೆಂದು ಕ್ಯಾಲಿಫೋರ್ನಿಯಾದ ಪಶುವೈದ್ಯರು 1987ರಲ್ಲಿ ತೋರಿಸಿದರು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯಿತು ಅನ್ನುತ್ತೇವೆ. ಬಹುಕಾಲ ಕಣ್ಣು ಮುಚ್ಚಿಕೊಂಡಿದ್ದವರು ನಾವು, ಅದಕ್ಕೆ ಹಾಲೆರೆದ ಮನೆಯವರು.

(ತೆನಾಲಿ ರಾಮಕೃಷ್ಣ ಕುದಿಯುವ ಹಾಲಿಟ್ಟು ಬೆಕ್ಕನ್ನು ಹೆದರಿಸಿದ, ಆಮೇಲೆ ಅದು ಹಾಲು ಕಂಡರೆ ಓಡುತ್ತಿತ್ತು ಎಂಬ ಕಥೆ ಕೇಳಿ ನಾವೆಲ್ಲ ‘ಅಯ್ಯೋ ಪಾಪ’ ಅಂದಿದ್ದೇವೆ. ಬೆಳೆದ ಬೆಕ್ಕುಗಳಲ್ಲಿ ಎಷ್ಟಕ್ಕೋ ಹಾಲು ಅರಗುವುದಿಲ್ಲ. ಸುಟ್ಟ ಬಾಯಿಯನ್ನು ಬಿಟ್ಟರೆ ಆ ಬೆಕ್ಕಿಗೆ ಹೆಚ್ಚಿನ ನಷ್ಟವೇನೂ ಆಗಿರಲಾರದು.)

ಚಿಕ್ಕಪ್ಪ ವಿರೋಧಿಸಿದರು. ಮೂರು ತಲೆಮಾರಿನಿಂದ ಬಾರದ್ದು ಈಗ ಬೆಕ್ಕಿನ ನೆಪದಲ್ಲಿ ಮನೆಗೆ ಬರಬೇಕೇ ಎಂಬುದು ಅವರ ಪ್ರಶ್ನೆ. ಚಿಕ್ಕಮ್ಮ ಹೇಳಿದ್ದು ಇಷ್ಟೇ: ‘ಉಪನಯನ ಆಗಿರೋದು ನಿಮಗೆ ಕಣ್ರೀ, ರಂಗನಿಗಲ್ಲ.’ ಮರುದಿನದಿಂದ ವೆಟ್ ಫುಡ್ಡಿನ ಪೊಟ್ಟಣ ಹಿತ್ತಲ ಕಟ್ಟೆಯ ಮೇಲೆ ಬಿಚ್ಚಿಕೊಂಡಿತು. ಉಪ್ಪು, ಈರುಳ್ಳಿ ಹಾಕದೆ ಬೇಯಿಸಿದ ಕೋಳಿಯನ್ನೋ ಮೀನನ್ನೋ ಪಕ್ಕದ ಮನೆಯವರು ಆಗೀಗ ಗೋಡೆಯಾಚೆಯಿಂದ ಕೊಡುತ್ತಾರೆ. ರಂಗನ ತಟ್ಟೆ, ಚಮಚ, ಅದನ್ನು ತಿಕ್ಕುವ ನಾರು ಎಲ್ಲವೂ ಬೇರೆ. ಚಿಕ್ಕಮ್ಮ ಈಗಲೂ ಮಡಿಯವರೇ. ತಟ್ಟೆ ತೊಳೆದು, ಸ್ನಾನ ಮಾಡಿ, ದೇವರ ಮನೆಗೆ ಹೋಗುತ್ತಾರೆ.

ಇದನ್ನು ಸುಲಭದ ಗೆಲುವು ಎಂದು ನಾನು ಹೇಳುತ್ತಿಲ್ಲ. ಒಂದು ಬೆಕ್ಕು ಬದುಕಲು ಕೋಳಿ ಸಾಯುತ್ತದೆ, ಮೀನು ಸಾಯುತ್ತದೆ. ಅಹಿಂಸೆಯನ್ನು ಬದುಕಿನ ನಡೆಯಾಗಿ ಮಾಡಿಕೊಂಡವರಿಗೆ ಇದು ನೋಯಿಸಲೇಬೇಕಾದ ಲೆಕ್ಕ. ನೋವಾಗುವುದಿಲ್ಲ ಎನ್ನುವವರಿಗಿಂತ ನೋವಿನಿಂದಲೇ ತಟ್ಟೆ ಹಾಕುವವರನ್ನು ನಾನು ಹೆಚ್ಚು ನಂಬುತ್ತೇನೆ. ಆದರೆ ಆ ನೋವನ್ನು ತಪ್ಪಿಸಿಕೊಳ್ಳಲೆಂದು ಬೆಕ್ಕಿಗೆ ಅನ್ನವನ್ನೇ ಹಾಕುತ್ತ ಹೋದರೆ ನಮ್ಮ ವ್ರತದ ಖರ್ಚನ್ನು ಬೇರೆ ಜೀವದ ಮೈಯಿಂದ ವಸೂಲು ಮಾಡಿದಂತಾಗುತ್ತದೆ. ಉಪವಾಸ ನಮ್ಮ ಹೊಟ್ಟೆಯ ಮೇಲೆ ಹೂಡಬಹುದಾದದ್ದು, ಬೇರೆಯವರ ಹೊಟ್ಟೆಯ ಮೇಲಲ್ಲ. ಮಾಂಸ ಹಾಕಲಾರೆ ಎನ್ನುವವರಿಗೆ ಬೆಕ್ಕನ್ನು ಸಾಕದಿರುವ ದಾರಿ ಇದ್ದೇ ಇದೆ. ಅದು ಗೌರವದ ದಾರಿಯೇ.

ಔಷಧದ ಬಾಟಲಿಯೂ ಈ ಲೆಕ್ಕದಿಂದ ಹೊರಗಿಲ್ಲ. ಮೇದೋಜೀರಕ ತೆಗೆದರೆ ಸಕ್ಕರೆ ಕಾಯಿಲೆ ಬರುತ್ತದೆಂದು ಮಿಂಕೋವ್‌ಸ್ಕಿ ಮತ್ತು ಫಾನ್ ಮೇರಿಂಗ್ 1889ರಲ್ಲಿ ಸ್ಟ್ರಾಸ್‌ಬರ್ಗಿನಲ್ಲಿ ಕಂಡದ್ದು ನಾಯಿಯ ಮೇಲೆ ಪ್ರಯೋಗ ಮಾಡಿ. 1921ರ ಬೇಸಿಗೆಯಲ್ಲಿ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಇನ್ಸುಲಿನ್‌ಗಾಗಿ ಹುಡುಕಿದ್ದೂ ನಾಯಿಗಳಲ್ಲೇ. ಅವುಗಳಲ್ಲಿ ಹಲವು ಬದುಕಲಿಲ್ಲ. 1922ರ ಜನವರಿಯಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಹುಡುಗನಿಗೆ ಮೊದಲ ಚುಚ್ಚುಮದ್ದು ಹಾಕಿದಾಗ ಬಾಟಲಿಯಲ್ಲಿದ್ದದ್ದು ದನದ ಗ್ರಂಥಿಯ ಸಾರ. ಆಮೇಲೆ ಹತ್ತಾರು ವರ್ಷ ಲೋಕದ ಮಧುಮೇಹಿಗಳು ಬದುಕಿದ್ದು ದನ ಮತ್ತು ಹಂದಿಯ ಇನ್ಸುಲಿನ್ನಿನಿಂದ. ಸೂಕ್ಷ್ಮಜೀವಿಗಳಲ್ಲಿ ಬೆಳೆಸಿದ ಮಾನವ ಇನ್ಸುಲಿನ್ನಿಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1982ರಲ್ಲಿ. ಎಷ್ಟು ಮಡಿವಂತ ಮನೆಗಳ ಹಿರಿಯರ ತೋಳಿಗೆ ಆ ಹಳೆಯ ಇನ್ಸುಲಿನ್ ಇಳಿದಿದೆಯೋ! ಯಾರೂ ಬಾಟಲಿಯ ಕುಲ ಕೇಳಲಿಲ್ಲ. ಕೇಳದೆ ಇದ್ದದ್ದು ಒಳ್ಳೆಯದೇ ಆಯಿತು. ಬೆಕ್ಕಿನ ಇನ್ಸುಲಿನ್ನಿಗೂ ದನದ ಇನ್ಸುಲಿನ್ನಿಗೂ ಒಂದೇ ಒಂದು ಅಮೈನೊ ಆಮ್ಲದ ವ್ಯತ್ಯಾಸ. ಪ್ರಾಣಿಗಳಿಂದ ನಾವು ಪಡೆದ ಮದ್ದು ಈಗ ತಿರುಗಿ ಒಂದು ಪ್ರಾಣಿಗೆ ಹೋಗುತ್ತಿದೆ. ಸಾಲ ತೀರಿತೆಂದಲ್ಲ, ನಾಯಿಗೆ ಕೊಡಬೇಕಾದ ಬಾಕಿಯನ್ನು ಬೆಕ್ಕಿಗೆ ಕೊಟ್ಟರೆ ತೀರುವುದಾದರೂ ಹೇಗೆ?

ಸೂಜಿಯ ಬಗ್ಗೆ ಜನ ಪಡುವಷ್ಟು ಭಯ ಬೆಕ್ಕು ಪಡುವುದಿಲ್ಲ. ಕೂದಲೆಳೆಯಂಥ ಸೂಜಿ ಅದು. ಪಕ್ಕೆಯ ಸಡಿಲ ಚರ್ಮವನ್ನು ಬೆರಳಲ್ಲಿ ಎತ್ತಿ, ತಿನ್ನುತ್ತಿರುವಾಗಲೇ ಚುಚ್ಚಿದರೆ ಎಷ್ಟೋ ಬೆಕ್ಕುಗಳು ತಟ್ಟೆಯಿಂದ ತಲೆ ಎತ್ತುವುದೂ ಇಲ್ಲ. ತಿನ್ನಲು ಶುರುಮಾಡಿದ ಮೇಲೇ ಚುಚ್ಚಬೇಕು ಎನ್ನುವುದಕ್ಕೂ ಅರ್ಥವಿದೆ: ಊಟ ಬಿಟ್ಟ ಬೆಕ್ಕಿಗೆ ಎಂದಿನ ಪ್ರಮಾಣದ ಇನ್ಸುಲಿನ್ ಹೋದರೆ ಸಕ್ಕರೆ ಕುಸಿಯಬಹುದು. ಹನ್ನೆರಡು ಗಂಟೆಗೊಮ್ಮೆ, ಬೆಳಗ್ಗೆ ಏಳಕ್ಕೆ, ಸಂಜೆ ಏಳಕ್ಕೆ. ಮದುವೆ ಇರಲಿ, ಸೂತಕ ಇರಲಿ, ಗಡಿಯಾರ ಬದಲಾಗುವುದಿಲ್ಲ. ಕಷ್ಟ ಚುಚ್ಚುವುದರಲ್ಲಿ ಇಲ್ಲ, ಈ ಏಳು ಗಂಟೆಯಲ್ಲಿ ಇದೆ. ಮನಸ್ಸು ಕರಗಿದಾಗ ಎತ್ತಿ ಮುದ್ದಾಡುವುದು ಯಾರಿಂದಲಾದರೂ ಆಗುತ್ತದೆ. ಮನಸ್ಸು ಏನೂ ಮಿಡಿಯದ ಸಂಜೆಯಲ್ಲೂ, ಜಗಳವಾಡಿದ ಸಂಜೆಯಲ್ಲೂ ಎದ್ದು ಫ್ರಿಜ್ ತೆರೆಯುವುದು ಬೇರೆಯೇ ಗುಣ. ಅದಕ್ಕೆ ನಮ್ಮಲ್ಲಿ ಪ್ರಶಂಸೆ ಕಡಿಮೆ, ಏಕೆಂದರೆ ಅದು ನೋಡುವವರಿಗೆ ಪ್ರೀತಿಯಂತೆ ಕಾಣುವುದಿಲ್ಲ, ಬರೀ ಕೆಲಸದಂತೆ ಕಾಣುತ್ತದೆ.

ಫ್ರಿಜ್ಜಿನ ಬಾಗಿಲಲ್ಲಿ ಚಿಕ್ಕಮ್ಮನ ಬಾಟಲಿ, ರಂಗನ ಬಾಟಲಿ ಅಕ್ಕಪಕ್ಕ. ರಂಗನದಕ್ಕೆ ಸ್ಟಿಕ್ಕರ್ ಬಿಂದಿ ಅಂಟಿಸಿದ್ದಾರೆ. ತಮಾಷೆಯಲ್ಲ ಅದು. ನಮ್ಮ ಔಷಧದಂಗಡಿಗಳಲ್ಲಿ ಒಂದು ಮಿಲಿಲೀಟರಿಗೆ 40 ಯೂನಿಟ್ ಇರುವ ಇನ್ಸುಲಿನ್ನೂ ಸಿಗುತ್ತದೆ, 100 ಯೂನಿಟ್ಟಿನದೂ ಸಿಗುತ್ತದೆ. ಸಿರಿಂಜೂ ಬೇರೆ ಬೇರೆ, ಒಂದಕ್ಕೆ ಕೆಂಪು ಮುಚ್ಚಳ, ಇನ್ನೊಂದಕ್ಕೆ ಕಿತ್ತಳೆ. ನೂರರ ಇನ್ಸುಲಿನ್ನನ್ನು ನಲವತ್ತರ ಸಿರಿಂಜಿನಲ್ಲಿ ಎಳೆದರೆ ಎರಡೂವರೆ ಪಟ್ಟು ಹೋಗುತ್ತದೆ. ಒಂದು ಯೂನಿಟ್ಟಿನ ಆಸುಪಾಸಿನಲ್ಲಿ ಚಿಕಿತ್ಸೆ ಶುರುವಾಗುವ ನಾಲ್ಕೈದು ಕಿಲೋದ ಜೀವಕ್ಕೆ ಅದು ಪ್ರಾಣಕ್ಕೆ ಎರವಾಗಬಹುದು. ಚುಚ್ಚಿದೆನೋ ಇಲ್ಲವೋ ಎಂದು ಅನುಮಾನ ಬಂದರೆ ಮತ್ತೆ ಚುಚ್ಚಬಾರದು. ಒಂದು ಹೊತ್ತು ತಪ್ಪಿದರೆ ಸಕ್ಕರೆ ಏರುತ್ತದೆ, ಎರಡು ಸಲ ಬಿದ್ದರೆ ಬೆಕ್ಕು ಉಳಿಯದಿರಬಹುದು. ತೂರಾಡಿದರೆ, ನಿತ್ರಾಣವಾದರೆ, ಸೆಳೆತ ಬಂದರೆ ಒಸಡಿಗೆ ಜೇನುತುಪ್ಪವನ್ನೋ ಗ್ಲುಕೋಸ್ ನೀರನ್ನೋ ಸವರಿ ವೈದ್ಯರಲ್ಲಿಗೆ ಓಡಬೇಕು. ಇನ್ನೂ ಒಂದು ಎಚ್ಚರ: ಇನ್ಸುಲಿನ್ ನಡೆಯುತ್ತಿರುವಾಗ ವೈದ್ಯರನ್ನು ಕೇಳದೆ ಅನ್ನ ಬಿಡಿಸಿ ಮಾಂಸಕ್ಕೆ ದಿಢೀರನೆ ಬದಲಾಯಿಸಿದರೂ ಸಕ್ಕರೆ ಪಾತಾಳಕ್ಕೆ ಇಳಿಯಬಹುದು. ಒಳ್ಳೆಯದನ್ನು ಮಾಡುವಾಗಲೂ ಆತುರ ಸಲ್ಲದು.

ಆಸ್ಪತ್ರೆಗೆ ಒಯ್ದರೆ ಬೆಕ್ಕಿಗೆ ಹೆದರಿಕೆಗೇ ಸಕ್ಕರೆ ಏರುತ್ತದೆ, ಆ ಅಂಕಿಯನ್ನು ನಂಬಿ ಪ್ರಮಾಣ ಹೆಚ್ಚಿಸಿದರೆ ಅಪಾಯ. ಹಾಗಾಗಿ ಕಿವಿಯಂಚನ್ನು ಬೆಚ್ಚಗೆ ಉಜ್ಜಿ, ಒಂದು ಹನಿ ತೆಗೆದು ಮನೆಯಲ್ಲೇ ನೋಡುವುದು ವಾಸಿ. ಮನುಷ್ಯರ ಗ್ಲುಕೋಮೀಟರ್ ಬೆಕ್ಕಿನ ರಕ್ತದಲ್ಲಿ ಸಾಮಾನ್ಯವಾಗಿ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ, ಅದನ್ನು ವೈದ್ಯರಿಗೆ ತಿಳಿಸಿಯೇ ಬಳಸಬೇಕು.

‘ಮನುಷ್ಯರಿಗೇ ಗತಿ ಇಲ್ಲ, ಬೆಕ್ಕಿಗೆ ಇನ್ಸುಲಿನ್ನೇ?’ ಬೀದಿಯಲ್ಲಿ ಕೇಳುವವರಿದ್ದಾರೆ. ಅದು ತಳ್ಳಿಹಾಕುವ ಪ್ರಶ್ನೆಯಲ್ಲ. ಮಗುವಿನ ಇನ್ಸುಲಿನ್ನಿಗೆ ಹಣ ಹೊಂದಿಸುವ ತಾಯಿ ಕೇಳಿದರೆ ನಾನು ತಲೆ ತಗ್ಗಿಸುತ್ತೇನೆ. ಆದರೆ ಆಕೆ ಕೇಳಿದ್ದನ್ನು ನಾನು ಕಂಡಿಲ್ಲ. ಕೇಳುವವರು ಹೆಚ್ಚಾಗಿ ಛತ್ರದಲ್ಲಿ ಮೂವತ್ತು ಬಗೆ ಬಡಿಸಿ ಅರ್ಧ ಎಲೆಯಲ್ಲೇ ಮಡಚಿ ಎಸೆಯುವವರು. ಬೆಕ್ಕಿನ ಬಾಟಲಿ ನಿಲ್ಲಿಸಿದರೆ ಆ ಹಣ ಬಡವರ ಮನೆಗೆ ನಡೆದುಹೋಗುತ್ತದೆ ಎಂಬುದಕ್ಕೆ ಯಾವ ಸಾಕ್ಷಿಯೂ ಇಲ್ಲ. ನನ್ನ ಅನುಭವದಲ್ಲಿ ದಯೆ ಒಂದು ಕಡೆ ನಿಂತರೆ ಇನ್ನೊಂದು ಕಡೆ ಹರಿಯುವುದಿಲ್ಲ, ನಿಂತಲ್ಲೇ ಬತ್ತುತ್ತದೆ.

ಎಲ್ಲರಿಂದಲೂ ಇದು ಸಾಗುವುದಿಲ್ಲ ಎನ್ನುವುದೂ ಅಷ್ಟೇ ದಿಟ. ಪಾಳಿಯಲ್ಲಿ ದುಡಿಯುವವರಿಗೆ ಏಳು ಗಂಟೆ ಎಲ್ಲಿಂದ ಬರಬೇಕು? ಪಶ್ಚಿಮದ ದೇಶಗಳಲ್ಲಿ ಕಾಯಿಲೆ ಗೊತ್ತಾದಾಗಲೇ ದಯಾಮರಣ ಕೊಡಿಸುವವರೂ ಇದ್ದಾರೆ. ಕೇಳಿದರೆ ನಮಗೆ ಮೈ ಜುಮ್ಮೆನ್ನುತ್ತದೆ. ನಾವು ಕೊಲ್ಲುವವರಲ್ಲ ಎಂಬ ಹೆಮ್ಮೆಯೂ ಬರುತ್ತದೆ. ನಾವು ಮಾಡುವುದೇನು? ಗೋಣಿಚೀಲದಲ್ಲಿ ಹಾಕಿ, ಹೊಳೆಯಾಚೆಗೋ ಮೀನು ಮಾರುಕಟ್ಟೆಯ ಹಿಂದಕ್ಕೋ ಬಿಟ್ಟು, ದಾರಿ ತಿಳಿಯದಿರಲೆಂದು ಸುತ್ತುಬಳಸಿ ಮನೆಗೆ ಬರುತ್ತೇವೆ. ಇನ್ಸುಲಿನ್ ನಿಂತ ಬೆಕ್ಕು ಬೇಗ ಸಾಯುವುದಿಲ್ಲ. ಒಣಗಿ, ವಾಂತಿ ಮಾಡಿ, ದಿನಗಟ್ಟಲೆ ನವೆದು ಸಾಯುತ್ತದೆ. ಕೈಗೆ ಮಾತ್ರ ರಕ್ತ ಅಂಟುವುದಿಲ್ಲ. ಪಶುವೈದ್ಯರ ಎದುರು ಅಳುತ್ತ ಕೊನೆಯ ಚುಚ್ಚುಮದ್ದಿಗೆ ಒಪ್ಪುವವರ ಕೈ, ಗೋಣಿಚೀಲ ಕಟ್ಟುವ ಕೈಗಿಂತ ಚೊಕ್ಕಟ ಎಂದು ನನಗೆ ಈಗೀಗ ಅನ್ನಿಸುತ್ತಿದೆ. ಈ ಮಾತು ನಮ್ಮ ಮನೆಯ ಹಿರಿಯರಿಗೆ ಹಿಡಿಸಲಿಕ್ಕಿಲ್ಲ.

ಬೆಕ್ಕಿಗೆ ಒಂದು ಅದೃಷ್ಟವಿದೆ. ಬೇಗ ಪತ್ತೆಯಾಗಿ, ಇನ್ಸುಲಿನ್ ಸರಿಯಾಗಿ ಬಿದ್ದು, ಅನ್ನ-ಕಾಳು ಬಿಟ್ಟು ಮಾಂಸದ ಊಟ ಸಿಕ್ಕರೆ, ಕೆಲವು ಬೆಕ್ಕುಗಳ ಗ್ರಂಥಿ ಚೇತರಿಸಿಕೊಂಡು ತಿಂಗಳುಗಳಲ್ಲೇ ಇನ್ಸುಲಿನ್ ಬೇಡವಾಗುತ್ತದೆ. ಕಾಯಿಲೆ ಹೋಯಿತೆಂದಲ್ಲ, ಅಡಗಿತೆಂದು ಅರ್ಥ. ಊಟ ಕೆಟ್ಟರೆ ಮರಳಬಹುದು. ರಂಗನ ಪ್ರಮಾಣವನ್ನೂ ವೈದ್ಯರು ಇಳಿಸುತ್ತ ಬಂದಿದ್ದಾರೆ, ಹಿಮ್ಮಡಿ ನೆಲ ಬಿಟ್ಟಿದೆ. ಮೊನ್ನೆ ಫೋನಿನಲ್ಲಿ ಚಿಕ್ಕಮ್ಮ ವರದಿ ಒಪ್ಪಿಸಿದರು: ‘ಇಂಜೆಕ್ಷನ್ ನಿಲ್ಲಿಸಬಹುದೇನೋ ಅಂದ್ರಪ್ಪ ಡಾಕ್ಟ್ರು. ನಿಮ್ಮ ಚಿಕ್ಕಪ್ಪ ಪಕ್ಕದಲ್ಲೇ ಇದ್ರು, ಹಾಗಾದ್ರೆ ಮೀನೂ ನಿಲ್ಲಿಸಬಹುದಾ ಅಂತ ಕೇಳಿದ್ರು. ಅದೊಂದು ಮಾತ್ರ ಆಗೋದಿಲ್ಲವಂತೆ.’