ಸೋಸಿದ ನೀರು, ಬಿಟ್ಟ ಉಪ್ಪು



ನಮ್ಮ ಧರ್ಮಪುರಿಗೆ ಪೂರ್ವದಲ್ಲಿ ತಗಡೂರು ಎಂಬ ಹೆಸರಿತ್ತು. ಒಂಬತ್ತನೆಯ ಶತಮಾನದ ಅಂತ್ಯದಲ್ಲಿ, ನೊಳಂಬ ಮಹೇಂದ್ರನ ಆಳ್ವಿಕೆಯಲ್ಲಿ, ವರ್ತಕ ಸಹೋದರರಿಬ್ಬರು ಇಲ್ಲಿ ಬಸದಿಯನ್ನು ಕಟ್ಟಿಸಿದರೆಂದು ಕನ್ನಡ ಶಾಸನವು ತಿಳಿಸುತ್ತದೆ. ಅವರೂ ನಮ್ಮಂತೆಯೇ ನೀರನ್ನು ಸೋಸಿ ಕುಡಿದಿರಬೇಕು. ಜಲದಲ್ಲಿರುವ ಸೂಕ್ಷ್ಮ ಜೀವಿಗಳಿಗೆ ಹಿಂಸೆಯಾಗಬಾರದೆಂಬುದು ಇದರ ಉದ್ದೇಶ. ಕಾಯಿಸಿದ ನೀರನ್ನು ಪ್ರಾಸುಕವೆನ್ನುತ್ತೇವೆ.

ಆದರೆ ಈ ಸೀಮೆಯ ಬೋರ್‌ವೆಲ್ ನೀರಿನಲ್ಲಿ ಬಂಡೆಗಳಿಂದ ಕರಗಿ ಬರುವ ಫ್ಲೋರೈಡ್ ಇದೆ. ಲೀಟರಿಗೆ ಒಂದು ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಇಲ್ಲದಿದ್ದರೆ ಒಂದೂವರೆಯವರೆಗೆ ಎಂಬುದು ನಮ್ಮ ದೇಶದ ನಿಯಮ. ಮೀರಿದ ಕಡೆ ಮಕ್ಕಳ ಹಲ್ಲು ಕಂದುಗಟ್ಟುತ್ತದೆ, ಹಿರಿಯರ ಕೀಲು ಬಿಗಿಯುತ್ತದೆ. ದೇಹ ಸೇರಿದ ಫ್ಲೋರೈಡನ್ನು ಹೊರಹಾಕುವ ಮುಖ್ಯ ಭಾರ ಮೂತ್ರಪಿಂಡಗಳದು; ಅವು ಸೋತರೆ ವಿಷವು ಒಳಗೇ ಉಳಿಯುತ್ತದೆ. ಉಪ್ಪು ಕರಗಿದ ನೀರನ್ನು ಬಟ್ಟೆಯಲ್ಲಿ ಸೋಸಿದರೆ ಉಪ್ಪು ನಿಲ್ಲುವುದೇ? ಇದೂ ಹಾಗೆಯೇ. ಕಾಯಿಸಿದರೆ ನೀರು ಆವಿಯಾಗಿ ಉಳಿದದ್ದರಲ್ಲಿ ಅದರ ಅಂಶ ಹೆಚ್ಚುತ್ತದೆಯೇ ಹೊರತು ತಗ್ಗದು. ಆದ್ದರಿಂದಲೇ ಜಪಾನಿನ ಸಾಲದ ನೆರವಿನಿಂದ ಹೊಗೇನಕಲ್ ಕುಡಿಯುವ ನೀರಿನ ಯೋಜನೆಯು 2013ರಲ್ಲಿ ಆರಂಭವಾಯಿತು. ಆದರೂ ಕುಡಿಯಲು ಕಾವೇರಿ, ಅಡಿಗೆಗೆ ಬೋರ್‌ವೆಲ್ ಎಂಬ ಮನೆಗಳನ್ನು ನಾನು ಕಂಡಿದ್ದೇನೆ. ಬೇಳೆ ಬೇಯುವ ನೀರೂ ಹೊಟ್ಟೆಗೇ ಹೋಗುವುದಲ್ಲವೇ?

ಮುಷ್ಟಿಯಷ್ಟು ಗಾತ್ರದ ಈ ಎರಡು ಅಂಗಗಳು ದಿನಕ್ಕೆ ಸುಮಾರು 180 ಲೀಟರು ದ್ರವವನ್ನು ರಕ್ತದಿಂದ ಸೋಸಿ, ಬೇಕಾದುದನ್ನು ಮರಳಿಸಿ, ಒಂದೂವರೆ ಲೀಟರಿನಷ್ಟನ್ನು ಮಾತ್ರ ಹೊರಬಿಡುತ್ತವೆ. ಇಷ್ಟು ನಿಷ್ಠೆಯಿಂದ ಲೆಕ್ಕ ನೋಡಿದ ಗುಮಾಸ್ತನು ನಮ್ಮ ಅಂಗಡಿಯಲ್ಲಿ ಒಬ್ಬನೂ ಇರಲಿಲ್ಲ.

ನಾನೇ ಅಪರಾಧಿ. ಗಲ್ಲಾ ಬಿಟ್ಟು ಏಳಬೇಕಾದೀತೆಂದು ಹಗಲೆಲ್ಲ ನೀರು ಕುಡಿಯದೆ, ನಾಲ್ಕು ಲೋಟ ಟೀಯಲ್ಲೇ ಕಾಲ ಕಳೆದೆನು. ಸೂರ್ಯಾಸ್ತದ ಬಳಿಕ, ನಮ್ಮ ಗುಜರಾತಿ ಬಂಧುಗಳು ಚೌವಿಹಾರವೆನ್ನುವಂತೆ, ನೀರನ್ನೂ ಮುಟ್ಟುತ್ತಿರಲಿಲ್ಲ. ಒಂದು ಬೇಸಿಗೆಯಲ್ಲಿ ಕಲ್ಲಿನ ನೋವು ಬಂದು ಸೇಲಂಗೆ ಕರೆದೊಯ್ದರು. "ರಾತ್ರಿ ನಿಮ್ಮ ವ್ರತ ಸರಿ, ಹಗಲು ಯಾವ ವ್ರತ?" ಎಂದು ವೈದ್ಯರು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಈಗ ಬೆಳಗಿನಿಂದಲೇ ಚೊಂಬನ್ನು ಗಲ್ಲಾದ ಪಕ್ಕದಲ್ಲಿಟ್ಟು ಸಂಜೆಯೊಳಗೆ ಲೆಕ್ಕ ಮುಗಿಸುತ್ತೇನೆ.

ಇನ್ನು ಉಪ್ಪು. ರಸಪರಿತ್ಯಾಗವೆಂಬ ತಪಸ್ಸಿನಲ್ಲಿ ಬಿಡಬೇಕಾದ ಆರು ರಸಗಳೊಳಗೆ ಹಾಲು, ಮೊಸರು, ತುಪ್ಪ, ಎಣ್ಣೆ, ಸಿಹಿಗಳೊಡನೆ ಉಪ್ಪನ್ನೂ ಪೂರ್ವಾಚಾರ್ಯರು ಎಣಿಸಿದ್ದಾರೆ. ಭಾನುವಾರ ಉಪ್ಪು ಬಿಡುವ ಮನೆಗಳು ಇಂದಿಗೂ ಇವೆ. ವಿಶ್ವ ಆರೋಗ್ಯ ಸಂಸ್ಥೆಯು ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀ ಚಮಚೆಗಿಂತ ಕಡಿಮೆ ಸಾಕೆನ್ನುತ್ತದೆ. ಆದರೆ ನಾವು ಪರ್ವತಿಥಿಗಳಲ್ಲಿ ಹಸಿರು ಕಾಯಿಪಲ್ಯ ಬಿಟ್ಟು ಹಪ್ಪಳ, ಸಂಡಿಗೆ, ಉಪ್ಪಿನಕಾಯಿ, ಸೇವ್‌ಗಳಿಂದ ಎಲೆ ತುಂಬಿಸುತ್ತೇವೆ. ಹಸಿರು ಹೋಯಿತು, ಉಪ್ಪು ಎರಡರಷ್ಟಾಯಿತು! ಇದನ್ನು ತ್ಯಾಗವೆನ್ನಲು ನನಗೆ ಮನಸ್ಸು ಬಾರದು.

ಸಕ್ಕರೆ ಕಾಯಿಲೆ, ರಕ್ತದೊತ್ತಡಗಳೇ ಮೂತ್ರಪಿಂಡವನ್ನು ಕೆಡಿಸುವ ಮುಖ್ಯ ಕಾರಣಗಳು. ಅಂಥವರು ವರ್ಷಕ್ಕೊಮ್ಮೆ ರಕ್ತ, ಮೂತ್ರಗಳ ಪರೀಕ್ಷೆ ಮಾಡಿಸಲಿ; ಮಂಡಿನೋವಿಗೆ ತಾವೇ ಮಾತ್ರೆ ಕೊಂಡು ನುಂಗದಿರಲಿ. ಮೂತ್ರಪಿಂಡ ಈಗಾಗಲೇ ದುರ್ಬಲವಾದವರಿಗೆ ಮೇಲಿನ ಮಾತು ಅನ್ವಯಿಸದು. ಅವರಿಗೆ ಹೆಚ್ಚು ನೀರೂ, ಪೊಟ್ಯಾಸಿಯಂ ಇರುವ ಎಳನೀರೂ ಅಪಾಯವಾಗಬಹುದು. ವೈದ್ಯರು ಹೇಳಿದ ಅಳತೆಯೇ ಅವರ ಅಳತೆ. ನಿರ್ಜಲ ಉಪವಾಸಕ್ಕೆ ಮೊದಲು ಅವರು ವೈದ್ಯರನ್ನೂ ಗುರುಗಳನ್ನೂ ಕೇಳಲಿ. ಹಸಿವೆಗಿಂತ ಕಡಿಮೆ ಉಣ್ಣುವ ಅವಮೌದರ್ಯವೂ ತಪಸ್ಸೇ ಆಗಿದೆ.

ಈ ವರ್ಷದ ಉತ್ಸವದ ಭೋಜನಶಾಲೆಯಲ್ಲಿ ಅಡಿಗೆಗೂ ಹೊಗೇನಕಲ್ ನೀರನ್ನೇ ಸೋಸಿ ಬಳಸಲಾಗುವುದು. ಹಪ್ಪಳ, ಉಪ್ಪಿನಕಾಯಿಗಳನ್ನು ಪಂಕ್ತಿಯಲ್ಲಿ ಬಡಿಸುವುದಿಲ್ಲ. ಬೇಕಾದವರು ಕೇಳಿ ಪಡೆಯಬೇಕಾಗಿ ವಿನಂತಿ.