ಮಗುವಿನ ಖರೇ ಹೆಸರು ಯಾವುದು?

ಕಲ್ಲೂರು, ಮಾನ್ವಿ, ದೇವದುರ್ಗದ ಕಡೆ ನಮ್ಮ ಕೇರಿಗಳಲ್ಲಿ ಏಸುವನ್ನು ನಂಬಿದ ಮನೆಗಳಿವೆ. ಆ ಮನೆಗಳ ಎಷ್ಟೋ ಮಕ್ಕಳಿಗೆ ಎರಡೆರಡು ಹೆಸರು. ಸಾಲಿ ರಿಜಿಸ್ಟರಿನಲ್ಲಿ ಹನುಮಂತ, ಭಾನುವಾರದ ಪ್ರಾರ್ಥನೆಯಲ್ಲಿ ಯೋಹಾನ. ಸುಳ್ಳು ಹೇಳಬಾರದೆಂದು ಭಾನುವಾರ ಕಲಿಸುವ ಅಪ್ಪನೇ ಸೋಮವಾರ, 'ಸಾಲ್ಯಾಗ ಪ್ರಾರ್ಥನೆ ಸುದ್ದಿ ತೆಗೀಬ್ಯಾಡ' ಎನ್ನುತ್ತಾನೆ. ಮಗು ಕೇಳುತ್ತದೆ: 'ನನ್ನ ಖರೇ ಹೆಸರು ಯಾವುದಪ್ಪ?' ಇದಕ್ಕೆ ನಾವು ಏನು ಉತ್ತರ ಕೊಟ್ಟಿದ್ದೇವೆ?

ಈ ಸುಳ್ಳನ್ನು ಹುಟ್ಟಿಸಿದವರು ಕೂಲಿನಾಲಿ ಮಾಡುವ ಈ ತಂದೆತಾಯಿಗಳಲ್ಲ. 1950ರ ರಾಷ್ಟ್ರಪತಿ ಆದೇಶ ಪರಿಶಿಷ್ಟ ಜಾತಿಯ ಪಟ್ಟಿಗೆ ಧರ್ಮದ ಬೇಲಿ ಹಾಕಿತು. 1956ರಲ್ಲಿ ಸಿಖ್ ದಲಿತರಿಗೆ, 1990ರಲ್ಲಿ ಬೌದ್ಧರಿಗೆ ಆ ಬೇಲಿ ತೆರೆಯಿತು. ಕ್ರೈಸ್ತರಿಗೂ ಮುಸ್ಲಿಮರಿಗೂ ತೆರೆಯಲಿಲ್ಲ. ಹೋಟೆಲಿನಲ್ಲಿ ನಮಗೆ ಬೇರೆ ಲೋಟ ಇಡುವವನು ಯಾವ ದೇವರಿಗೆ ಕೈ ಮುಗೀತೀ ಎಂದು ಕೇಳುವುದಿಲ್ಲ. ಜಾತಿ ಪ್ರಮಾಣಪತ್ರ ಬರೆಯುವ ಕಚೇರಿ ಕೇಳುತ್ತದೆ. 2007ರಲ್ಲಿ ರಂಗನಾಥ ಮಿಶ್ರಾ ಆಯೋಗ ಈ ಬೇಲಿ ಕೀಳಬೇಕೆಂದಿತು. ಕಿತ್ತವರಿಲ್ಲ. 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಪುದುಚೇರಿಯ ಒಬ್ಬ ಹೆಣ್ಣುಮಗಳಿಗೆ ಈ ಪ್ರಮಾಣಪತ್ರ ನಿರಾಕರಿಸಿತು. ಆಕೆ ದೊಡ್ಡವಳಾದ ಮೇಲೂ ಚರ್ಚಿಗೆ ಹೋಗುತ್ತಿದ್ದಳೆಂಬುದನ್ನು ಕೋರ್ಟು ಎಣಿಸಿತು, ನಿಜ. ಆದರೆ ದೀಕ್ಷಾಸ್ನಾನವಾದಾಗ ಆಕೆ ಎಳೆಗೂಸು. ಹೆತ್ತವರ ತೀರ್ಮಾನ ಮಕ್ಕಳ ಹಣೆಗೆ ಹೀಗೆ ಅಂಟುತ್ತದೆ.

ಹಾಗಂತ ಎಲ್ಲವನ್ನೂ ಸರಕಾರದ ತಲೆಗೆ ಕಟ್ಟಿ ಕೈ ತೊಳೆದುಕೊಳ್ಳಲಾಗದು. ನಮ್ಮ ಕಡೆ ಮಕ್ಕಳನ್ನು ದೇವರಿಗೆ ಬಿಡೋದು ಹೊಸದಲ್ಲ. ಹರಕೆ ಹೊತ್ತ ಹೆತ್ತವರೇ ಮಗಳ ಕೊರಳಿಗೆ ಮುತ್ತು ಕಟ್ಟಿಸಿದರು. ಅದನ್ನು ತಡೆಯಲು 1982ರಲ್ಲಿ ಕಾಯ್ದೆಯೇ ಬೇಕಾಯಿತು. ದೀಕ್ಷಾಸ್ನಾನ ಅದಕ್ಕೆ ಸಮವಲ್ಲ, ಅದರಿಂದ ಯಾರ ಬಾಳೂ ಹರಾಜಾಗುವುದಿಲ್ಲ. ಆದರೂ ಅಲ್ಲಿಂದ ಒಂದು ಮಾತು ಕಲಿಯಬೇಕು: ಮಗು ಹೆತ್ತವರ ಹರಕೆಯ ಸಾಮಾನಲ್ಲ.

ಹಾಗಾದರೆ ಮಕ್ಕಳು ದೊಡ್ಡವರಾಗುವ ತನಕ ಏನೂ ಕಲಿಸಬಾರದೇ? ಕೆಲವು ಗೆಳೆಯರು ಹಾಗೆನ್ನುತ್ತಾರೆ. ನಾವು ಒಪ್ಪುವುದಿಲ್ಲ. ಹೆತ್ತವರು ಸುಮ್ಮನಿದ್ದರೂ ಊರು ಸುಮ್ಮನಿರೋದಿಲ್ಲ. ನೀನು ಕೀಳು ಎಂಬ ಪಾಠವನ್ನು ದಿನಾ ಕಲಿಸುತ್ತದೆ. 'ದೇವರ ಮುಂದ ನೀ ಯಾರಿಗೂ ಕಮ್ಮಿ ಅಲ್ಲ' ಎಂದು ಅವ್ವ ಹೇಳಿದರೆ ಮಗುವಿಗೆ ಬೆನ್ನೆಲುಬು ಬರುತ್ತದೆ. ಅದೇ ಅವ್ವ ಕೇರಿಯನ್ನು, ಅಜ್ಜನ ಹಲಗೆಯನ್ನು ನೋಡಿ ಹೇಸಲು ಕಲಿಸಿದರೆ, ಊರಿನ ಪಾಠವನ್ನೇ ಬೇರೆ ಬಾಯಲ್ಲಿ ಹೇಳಿದಂತಾಯಿತು.

ಹಿಂದೂವಾಗಿ ಸಾಯಲಾರೆ ಎಂದು ಅಂಬೇಡ್ಕರ್ ಯೇವಲಾದಲ್ಲಿ ಸಾರಿದ್ದು 1935ರಲ್ಲಿ. ಬೌದ್ಧರಾದದ್ದು 1956ರಲ್ಲಿ. ನಡುವೆ 21 ವರ್ಷ. ಅಂಥವರಿಗೇ ಅಷ್ಟು ಕಾಲ ಬೇಕಾಯಿತೆಂದ ಮೇಲೆ, ನಮ್ಮ ಮಕ್ಕಳಿಗೂ ಕೇಳುವ, ಅನುಮಾನಿಸುವ, ಕಡೆಗೆ ಬೇಡವೆನ್ನುವ ಹಕ್ಕು ಬೇಡವೇ?

ಎರಡು ಹೆಸರಿನ ಮಗುವಿಗೆ ಇವತ್ತೇ ಹೇಳೋಣ: 'ಎರಡೂ ನಿನ್ನ ಖರೇ ಹೆಸರೇ. ಒಂದನ್ನ ಮುಚ್ಚಿಡಬೇಕಾಗೇದ, ಯಾಕಂದ್ರ ಕಾಯ್ದೆ ಹಂಗ ಅದ. ಅದು ನಿನ್ನ ತಪ್ಪಲ್ಲ.' ಇಷ್ಟು ಸತ್ಯ ಹೇಳುವುದು ಹೆತ್ತವರ ಹೊಣೆ. ಆ ಕಾಯ್ದೆ ಬದಲಿಸುವ ಹೊಣೆ ಮಾತ್ರ ಅವರೊಬ್ಬರದಲ್ಲ; ಏಸುವನ್ನು ನಂಬುವ, ನಂಬದ ನಮ್ಮೆಲ್ಲರದು.